ಬಾಂಟು ಭಾಷೆ ನಮ್ಮ ಕಾಡಿಗೂ ಬಂದಿತ್ತು

ನಮ್ಮದು ಬನಹಟ್ಟಿ. ಕಳೆದ ರಜೆಯಲ್ಲಿ ಯಲ್ಲಾಪುರಕ್ಕೆ ಹೊರಟಿದ್ದೆ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಅಜ್ಜಿಯ ಗುಂಗುರು ಕೂದಲು ನೋಡಿ, ಆಫ್ರಿಕಾದವರಿರಬೇಕು ಅಂತ ಇಂಗ್ಲಿಷಿನಲ್ಲಿ ಮಾತಾಡಿಸಿದೆ. "ತಮ್ಮಾ, ಕನ್ನಡ ಬರೂದಿಲ್ಲೇನು?" ಅಂದ್ರು. ನಾಚಿಕೆ ಆಯ್ತು. ಅವರು ಸಿದ್ದಿ ಜನ.

ಸಿದ್ದಿಗಳ ಪೂರ್ವಜರಲ್ಲಿ ಬಹಳಷ್ಟು ಜನ ಪೂರ್ವ ಆಫ್ರಿಕಾದ ಬಾಂಟು ಭಾಷೆಗಳನ್ನಾಡುತ್ತಿದ್ದವರು. ಪೋರ್ಚುಗೀಸರು ಅವರನ್ನು ಗುಲಾಮರಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ ಈಗಲೂ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು.

ಬಾಂಟು ಅಂದ್ರೆ ಒಂದೇ ಭಾಷೆ ಅಲ್ಲ, ನೂರಾರು ಭಾಷೆಗಳ ಕುಟುಂಬ. ನಮಗೆ ಗೊತ್ತಿರೋ ಹೆಸರು ಸ್ವಾಹಿಲಿ. ನಾವು ಪದದ ಹಿಂದೆ ಸೇರಿಸೋದನ್ನ ಅವರು ಮುಂದೆ ಸೇರಿಸ್ತಾರೆ. 'ಮ್‌ತು' ಒಬ್ಬ ಮನುಷ್ಯ, 'ವಾತು' ಜನರು. 'ಓದಿದೆನು' ಬಿಡಿಸಿ ನೋಡಿ: ಮೊದಲು ಓದು, ಆಮೇಲೆ ಕಾಲ, ಕೊನೆಗೆ ನಾನು. ಸ್ವಾಹಿಲಿಯ 'ನಿ-ಲಿ-ಸೋಮ'ದಲ್ಲಿ ಮೊದಲು ನಾನು, ಆಮೇಲೆ ಕಾಲ, ಕೊನೆಗೆ ಓದು. ಕನ್ನಡಿಯಲ್ಲಿ ನೋಡಿದ ಹಾಗೆ!

ನನಗೆ ಬಹಳ ಇಷ್ಟವಾದದ್ದು 'ಕಿತಾಬು'. ಜಮಖಂಡಿ, ಮುಧೋಳ, ಬೀಳಗಿ ಕಡೆ ಉರ್ದು ಮಾತಾಡೋರ ಬಾಯಲ್ಲಿ ಕೇಳಿರ್ತೀರಿ. ಅದೇ ಅರಬ್ಬಿ ಪದ ಸ್ವಾಹಿಲಿಗೂ ಹೋಗಿದೆ. ಅಲ್ಲಿ 'ಕಿ' ಏಕವಚನದ ಗುರುತು. ಹಾಗಾಗಿ ಕಿತಾಬುವಿನ 'ಕಿ'ಯನ್ನೂ ಗುರುತು ಅಂದುಕೊಂಡು, ಬಹುವಚನಕ್ಕೆ 'ವಿತಾಬು' ಮಾಡಿಬಿಟ್ಟರು. ನಾವು 'ಬಸ್ಸುಗಳು' ಅನ್ನೋದಕ್ಕಿಂತ ಇದು ಜಾಣತನ.

ಮತ್ತೆ ಸಿದ್ದಿಗಳ ಬಾಂಟು ಎಲ್ಲಿ ಹೋಯ್ತು? ಬೇರೆ ಬೇರೆ ಬುಡಕಟ್ಟಿನವರನ್ನು ಒಟ್ಟಿಗೆ ಮಾರಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲ್ಲ. ಎಲ್ಲರಿಗೂ ಬರೋದು ಧಣಿಗಳ, ನೆರೆಯವರ ಭಾಷೆ. ಮಕ್ಕಳು ಅದನ್ನೇ ಕಲಿತರು. ಈಗ ಸಿದ್ದಿಗಳ ಮನೆಯಲ್ಲಿ ಕೊಂಕಣಿ, ಕನ್ನಡ, ಉರ್ದು. ಗುಜರಾತಿನ ಕಾಠಿಯಾವಾಡದ ಸಿದಿಗಳಲ್ಲಿ ಸ್ವಾಹಿಲಿ ಮೂಲದ ಮಾತು 20ನೇ ಶತಮಾನದ ಮಧ್ಯದವರೆಗೂ ಉಳಿದಿತ್ತಂತೆ. ಈಗ ಅದೂ ಇಲ್ಲ. ಆದರೆ ಅವರ ಕುಣಿತದ ಹೆಸರು ಇನ್ನೂ 'ಗೋಮಾ'. ಸ್ವಾಹಿಲಿಯಲ್ಲಿ 'ಂಗೋಮ' ಅಂದ್ರೆ ಡೋಲು, ಕುಣಿತ ಎರಡೂ. ನಮ್ಮ ಸಿದ್ದಿಗಳು ಬಾರಿಸೋ ದಮಾಮಿಯ ಹೆಸರು ಮಾತ್ರ ಪಾರ್ಸಿ ಕಡೆಯದು.

ನನ್ನ ಅಜ್ಜ ಮಗ್ಗದ ಒಂದೊಂದು ಭಾಗಕ್ಕೂ ಒಂದೊಂದು ಹೆಸರು ಹೇಳ್ತಾನೆ. ನನಗೆ ಬರೋದು 'ಲಾಳಿ' ಒಂದೇ. ಉಳಿದದ್ದನ್ನ ಈ ದೀಪಾವಳಿಗೆ ಹೋದಾಗ ಬರೆದುಕೊಂಡು ಬರ್ತೀನಿ.