ಜೀನ್ ಕೆಟ್ಟಿದೆ ಎಂದರೆ ಮಗಳಿಗೂ ಬರುತ್ತದೆಯೇ?

ಪ್ರಶ್ನೆ: ನನ್ನ ತವರು ನಾಗಮಂಗಲ, ಕೊಟ್ಟಿರುವುದು ಪಾಂಡವಪುರಕ್ಕೆ. ಅಮ್ಮನಿಗೆ 54 ವರ್ಷ. ಮುಟ್ಟು ನಿಂತು ಎಷ್ಟೋ ದಿನದ ಮೇಲೆ ಮತ್ತೆ ರಕ್ತ ಕಂಡಿತು. ಮಂಡ್ಯದ ಮಿಮ್ಸ್‌ನಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಎಂದು ಹೇಳಿ ಬೆಂಗಳೂರಿನ ಕಿದ್ವಾಯಿಗೆ ಬರೆದುಕೊಟ್ಟಿದ್ದಾರೆ. ಬಯಾಪ್ಸಿ ರಿಪೋರ್ಟಿನಲ್ಲಿ ‘ಪಿ16 ಪಾಸಿಟಿವ್’ ಅಂತಿದೆ. ಜೀನ್ ಕೆಟ್ಟಿದೆ ಅಂತ ಅರ್ಥವಂತೆ. ನನಗೂ, 11 ವರ್ಷದ ನನ್ನ ಮಗಳಿಗೂ ಬರುತ್ತಾ ಡಾಕ್ಟ್ರೇ?

ಉತ್ತರ: ಹೆದರಬೇಡಿ ತಾಯಿ. ಆ ರಿಪೋರ್ಟು ಹೇಳುತ್ತಿರುವುದು ಗರ್ಭಕೊರಳಿನ ಜೀವಕೋಶಗಳ ಸಂಗತಿಯನ್ನು ಮಾತ್ರ. ಅದು ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ದಾಟುವಂಥದ್ದಲ್ಲ.

ಇದರ ಮೂಲ ಎಚ್‌ಪಿವಿ ಎಂಬ ವೈರಸ್. ಇದನ್ನು ತೋರಿಸಿಕೊಟ್ಟದ್ದಕ್ಕೇ ಜರ್ಮನಿಯ ಹೆರಾಲ್ಡ್ ತ್ಸೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕು ತಗುಲಿದ ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ತೊಲಗಿಸುತ್ತದೆ. ಕೆಲವರಲ್ಲಿ ಉಳಿದುಬಿಡುತ್ತದೆ, ವೈರಸ್ಸಿನ ಡಿಎನ್‌ಎ ನಮ್ಮ ಡಿಎನ್‌ಎ ಒಳಗೇ ಸೇರಿಕೊಳ್ಳುವುದುಂಟು. ಆಗ ಅದನ್ನು ಹದ್ದಿನಲ್ಲಿಡುತ್ತಿದ್ದ ಅದರದೇ ಇ2 ಜೀನ್ ಮುರಿದುಹೋಗಿ ಇ6, ಇ7 ಎಂಬೆರಡು ಜೀನ್‌ಗಳು ಮಿತಿಮೀರಿ ಕೆಲಸ ಮಾಡತೊಡಗುತ್ತವೆ. ಇ6 ನಮ್ಮ ಕಾವಲು ಪ್ರೋಟೀನ್ ಪಿ53 ಅನ್ನು ನಾಶಮಾಡುತ್ತದೆ. ಇ7 ಜೀವಕೋಶದ ಬೆಳವಣಿಗೆ ತಡೆಯುವ ಆರ್‌ಬಿ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಜೀವಕೋಶ ಗಾಬರಿಬಿದ್ದು ಪಿ16 ಅನ್ನು ರಾಶಿರಾಶಿ ತಯಾರಿಸುತ್ತದೆ: ಬ್ರೇಕ್ ತುಳಿಯುತ್ತಲೇ ಇದೆ, ವೈರ್ ಕತ್ತರಿಸಿಹೋಗಿರುವುದರಿಂದ ಗಾಡಿ ಮಾತ್ರ ನಿಲ್ಲುತ್ತಿಲ್ಲ. ರಿಪೋರ್ಟಿನಲ್ಲಿ ಕಂಡದ್ದು ಆ ರಾಶಿ. ವೈರಸ್ಸಿನ ಕೈವಾಡಕ್ಕೆ ಅದೊಂದು ಗುರುತು.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಇದು ಯಾರಿಂದ ಬಂತು ಎಂದು ಮನೆಯಲ್ಲಿ ಪಂಚಾಯ್ತಿ ಮಾಡಬೇಡಿ. ಸಂಸಾರ ಮಾಡುವ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಯಾವಾಗಲಾದರೊಮ್ಮೆ ಈ ಸೋಂಕು ತಗುಲಿರುತ್ತದೆ. ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು.

ನಿಮ್ಮ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಲು ಇದೇ ಒಳ್ಳೆಯ ವಯಸ್ಸು. ಈ ಕ್ಯಾನ್ಸರ್‌ಗಳಲ್ಲಿ ಸುಮಾರು ನೂರಕ್ಕೆ 70ಕ್ಕೆ ಕಾರಣವಾದ 16 ಮತ್ತು 18ನೇ ಬಗೆಗಳನ್ನು ಅದು ತಡೆಯುತ್ತದೆ. ನಿಮಗೆ 30 ದಾಟಿದ್ದರೆ ತಪಾಸಣೆ ಮಾಡಿಸಿಕೊಳ್ಳಿ.

ಪ್ರಶ್ನೆ: ಆಶಾ ಕಾರ್ಯಕರ್ತೆ ತಪಾಸಣೆಗೆ ಬಾ ಅಂತಾರೆ. ನನಗೆ ಏನೂ ತೊಂದರೆ ಇಲ್ಲ, ನಾಚಿಕೆ ಬೇರೆ. ಹೋಗಲೇಬೇಕಾ? – 36 ವರ್ಷ, ಕೆ.ಆರ್. ಪೇಟೆ

ಉತ್ತರ: ಹೋಗಿ. ತೊಂದರೆ ಇಲ್ಲದಿರುವಾಗ ಮಾಡಿಸಿದರೇ ಲಾಭ. ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ನೋಡುತ್ತಾರೆ, ಅಷ್ಟೆ. ಬೆಳ್ಳಗಾದರೆ ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದು. ಸರ್ಕಾರಿ ಕಾರ್ಯಕ್ರಮದಲ್ಲಿ ಇದು ಐದು ವರ್ಷಕ್ಕೊಮ್ಮೆ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ; ಮಹಿಳಾ ಸಿಬ್ಬಂದಿಯೇ ನೋಡಲಿ ಎಂದು ಕೇಳಲು ಸಂಕೋಚ ಬೇಡ.