ನಕ್ಷತ್ರ ತೋರಿಸುವವರು

ನಿಮ್ಮ ಅಜ್ಜಿಯಂದಿರಿಗೆ ನಕ್ಷತ್ರಗಳ ಹೆಸರು ಬಾಯಿಪಾಠವಾಗಿ ಬರುತ್ತದೆ. ಅವರು ಅವನ್ನು ಮಳೆಯ ಹೆಸರುಗಳಾಗಿ ಬಲ್ಲರು: ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ. ಆದರೆ ಆರಿದ್ರಾ ಎಂಬ ಚುಕ್ಕೆ ಆಕಾಶದಲ್ಲಿ ಎಲ್ಲಿದೆಯೆಂದು ನಾವು ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ಕೇಳಿದಾಗ ಯಾರೂ ಕೈ ಎತ್ತಲಿಲ್ಲ. ನಿಜವನ್ನು ಹೇಳಬೇಕಾದರೆ, ಅಂದು ಯಾರಾದರೂ ಆ ಪ್ರಶ್ನೆಯನ್ನು ತಿರುಗಿಸಿ ನಮಗೇ ಹಾಕಿದ್ದರೆ ನಾವೂ ತೋರಿಸಲಾರದವರೇ ಆಗಿದ್ದೆವು. ನಾವು ಹುಟ್ಟಿ ಬೆಳೆದ ಹಳ್ಳಿಯಲ್ಲಿ ಅಂಗಳಕ್ಕೆ ಚಾಪೆ ಹಾಸಿದರೆ ಸಾಕಿತ್ತು, ಆಕಾಶವೆಲ್ಲ ಪುಕ್ಕಟೆ. ಪುಕ್ಕಟೆಯಾಗಿದ್ದುದರಿಂದಲೇ ನಾವದನ್ನು ನೋಡದೆ ಹೋದೆವು. ನೋಡುವ ಬುದ್ಧಿ ಬಂದುದು ಮುಂಬಯಿಗೆ ಬಂದ ಮೇಲೆ. ಇಲ್ಲಿಯೋ ಬೀದಿದೀಪಗಳ ಬೆಳಕು ಧೂಳಿನಲ್ಲಿಯೂ ಸಮುದ್ರದ ತೇವದಲ್ಲಿಯೂ ಚದರಿ, ಆಕಾಶಕ್ಕೆ ಬೂದಿ ಬಣ್ಣದ ಒಂದು ಹೊದಿಕೆಯನ್ನೇ ಹೊದಿಸಿಬಿಟ್ಟಿದೆ.

ಹೀಗಿರುವಲ್ಲಿ, ಈ ನಗರದಲ್ಲಿಯೂ ನಕ್ಷತ್ರವನ್ನು ತೋರಿಸಿಯೇ ತೀರುವೆವೆಂದು ಹಟ ತೊಟ್ಟ ಕೆಲವರಿದ್ದಾರೆ. ಅವರ ವಿಷಯವಾಗಿ ಈ ಪಾಠವನ್ನು ಬರೆಯುತ್ತಿದ್ದೇವೆ.

ಖಗೋಲ ವೀಕ್ಷಣೆಯನ್ನು ಹೊಟ್ಟೆಪಾಡಿಗಾಗಿ ಅಲ್ಲದೆ ಪ್ರೀತಿಯಿಂದ ಮಾಡುವವರನ್ನು ಹವ್ಯಾಸಿಗಳೆನ್ನುತ್ತೇವೆ. ನಮ್ಮ ದೇಶದಲ್ಲಿ ಇಂಥ ಹವ್ಯಾಸಿಗಳ ಸಂಘಗಳು ಹೊಸವಲ್ಲ. ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆಯು 1944ರಲ್ಲಿ ಹುಟ್ಟಿತು. ಮುಂಬಯಿಯಲ್ಲಿ ನೆಹರೂ ತಾರಾಲಯವು 1977ರಲ್ಲಿ ತೆರೆಯಿತು. 1985ರಲ್ಲಿ, ಹ್ಯಾಲಿ ಧೂಮಕೇತು ಮರಳಿ ಬರುತ್ತಿದ್ದ ಕಾಲದಲ್ಲಿ, ಖಗೋಲ ಮಂಡಲವು ಆರಂಭವಾಯಿತು. ಬದಲಾಪುರ ದಾಟಿದ ಮೇಲೆ ಸಿಗುವ ವಾಂಗಣಿ ಎಂಬ ಊರಿನ ಬಳಿ ಈ ಮಂಡಲದವರು ರಾತ್ರಿಯಿಡೀ ನಡೆಸುವ ವೀಕ್ಷಣೆಗೆ ಹೋಗಿಬಂದವರು ನಮ್ಮ ನಗರದಲ್ಲಿ ಬಹಳ ಜನ ಇದ್ದಾರೆ. ಇವುಗಳಲ್ಲದೆ ಕಾಲೇಜುಗಳಲ್ಲಿಯೂ ಉಪನಗರಗಳಲ್ಲಿಯೂ ಸಣ್ಣ ಸಣ್ಣ ಬಳಗಗಳುಂಟು. ಅಂಥ ಒಂದು ಬಳಗದ ಸಂಗಡ ನಾವು ನಮ್ಮ ವಿದ್ಯಾರ್ಥಿಗಳನ್ನು 2023ರ ಜನವರಿ 21ರಂದು ಕರೆದುಕೊಂಡು ಹೋಗಿದ್ದೆವು. ಅಂದು ಶನಿವಾರ, ಅಮಾವಾಸ್ಯೆ. ನಕ್ಷತ್ರ ನೋಡುವವರಿಗೆ ಅಮಾವಾಸ್ಯೆಗಿಂತ ಶುಭದಿನವಿಲ್ಲ.

ಹೊರಡುವುದು ಸುಲಭವಾಗಲಿಲ್ಲ. ಹೆಸರು ಕೊಟ್ಟವರು 22 ಮಂದಿ. ಮನೆಯ ಒಪ್ಪಿಗೆ ಪತ್ರ ತಂದವರಲ್ಲಿ ಹುಡುಗಿ ಒಬ್ಬಳೂ ಇರಲಿಲ್ಲ. ರಾತ್ರಿಯ ವೇಳೆ, ಅದೂ ಅಮಾವಾಸ್ಯೆಯ ದಿನ, ಕಾಣದ ಊರಿನ ಬಯಲಿಗೆ ಮಗಳನ್ನು ಕಳುಹಿಸುವುದೆಂದರೇನು ಎಂದು ತಾಯಂದಿರು ಕೇಳಿದುದು ಅನ್ಯಾಯವೆಂದು ನಾವು ಹೇಳಲಾರೆವು. ಈ ಸುದ್ದಿಯನ್ನು ಬಳಗದವರಿಗೆ ತಿಳಿಸಿದೆವು. ಮುಂದಿನ ಭಾನುವಾರ ಅವರಲ್ಲಿ ಒಬ್ಬ ಹೆಣ್ಣುಮಗಳು ಶಾಲೆಗೆ ಬಂದರು. ವಾರದ ದಿನಗಳಲ್ಲಿ ಅವರು ಬ್ಯಾಂಕೊಂದರಲ್ಲಿ ನೌಕರಿ ಮಾಡುವವರು. ಎಲ್ಲರೂ ಅವರನ್ನು ಮರಾಠಿಯ ರೀತಿಯಲ್ಲಿ ‘ತಾಈ’ ಎಂದು ಕರೆಯುತ್ತಿದ್ದರು, ಅಂದರೆ ಅಕ್ಕ. ಆಕೆ ನಕ್ಷತ್ರಗಳ ಸುದ್ದಿಯನ್ನೇ ಎತ್ತಲಿಲ್ಲ. ಹುಡುಗಿಯರು ಮಲಗುವ ಕೋಣೆ ಎಲ್ಲಿ, ಶೌಚಾಲಯ ಎಷ್ಟು ದೂರ, ರಾತ್ರಿ ಯಾರು ಯಾವ ಗಂಟೆಯವರೆಗೆ ಎಚ್ಚರವಿರುತ್ತಾರೆ, ಹತ್ತಿರದ ಡಾಕ್ಟರು ಯಾರು, ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ತಂದಿದ್ದರು. ಒಂದು ಗಂಟೆಯ ಹೊತ್ತು ಕುಳಿತು ಅವರು ಮರಾಠಿಯಲ್ಲಿ ಹೇಳಿದರು. ನಾವು ಕನ್ನಡದಲ್ಲಿ ಹೇಳಿದೆವು. ಕೊನೆಗೆ ಎಂಟು ಹುಡುಗಿಯರು ಹೊರಟರು. ಖಗೋಲಶಾಸ್ತ್ರದ ಕೆಲಸವೆಂದರೆ ಇಂಥದು ಎಂದು ಯಾವ ಪಠ್ಯಪುಸ್ತಕದಲ್ಲಿಯೂ ಬರೆದಿಲ್ಲ.

ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ತರುಣ ನಮ್ಮ ಮಕ್ಕಳ ತಲೆ ಎಣಿಸಿದ. ಕಲ್ಯಾಣದಲ್ಲಿ ಮತ್ತೆ ಎಣಿಸಿದ. ಇಳಿದ ಮೇಲೆ ಮೂರನೆಯ ಸಲ ಎಣಿಸಿದ. ಆಗಲೇ ಪಶ್ಚಿಮದಲ್ಲಿ ಶುಕ್ರನು ಉಜ್ವಲವಾಗಿ ಕಾಣುತ್ತಿದ್ದ. ಅವನಿಗೆ ತೀರ ಸಮೀಪದಲ್ಲಿ ಮಂಕಾಗಿ ಇನ್ನೊಂದು ಚುಕ್ಕೆ. ಅದೇ ಶನಿ. ಆ ಎರಡು ಗ್ರಹಗಳು ಮರುದಿನ ಇನ್ನೂ ಹತ್ತಿರ ಬರುವುದಿತ್ತು. ಶನಿಯ ಹೆಸರು ಕೇಳಿದೊಡನೆ ಒಬ್ಬ ಹುಡುಗ ಹಿಂದೆ ಸರಿದುದನ್ನು ನಾವು ಕಂಡೆವು. ಎಣಿಸುತ್ತಿದ್ದ ತರುಣ ನಗಲಿಲ್ಲ. “ಅವನು ನಮ್ಮಿಂದ ನೂರು ಕೋಟಿ ಕಿಲೋಮೀಟರಿಗೂ ದೂರ ಇದ್ದಾನೆ, ಅಣ್ಣ, ನಿನ್ನ ಹೆಸರು ಅವನಿಗೆ ಗೊತ್ತಿಲ್ಲ” ಎಂದ.

ಬಯಲನ್ನು ಸೇರಿದ ಮೇಲೆ ಮೊದಲನೆಯ ಅಪ್ಪಣೆ: ಮೊಬೈಲುಗಳನ್ನೆಲ್ಲ ಚೀಲಕ್ಕೆ ಹಾಕಬೇಕು. ಟಾರ್ಚುಗಳಿಗೆ ಕೆಂಪು ಕಾಗದ ಸುತ್ತಿತ್ತು. ಕತ್ತಲೆಗೆ ನಮ್ಮ ಕಣ್ಣು ಹೊಂದಿಕೊಳ್ಳುವುದಕ್ಕೆ 20ರಿಂದ 30 ನಿಮಿಷ ಬೇಕು. ಬಿಳಿ ಬೆಳಕು ಒಂದು ಕ್ಷಣ ಬಿದ್ದರೂ ಅಷ್ಟೂ ವ್ಯರ್ಥ. ಕೆಂಪು ಬೆಳಕು ಅಷ್ಟು ಕೆಡಿಸುವುದಿಲ್ಲ. ಮಕ್ಕಳು ಮೊದಲು ಗುಸುಗುಸು ಮಾಡುತ್ತಿದ್ದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ, ಯಾರೂ ಹೇಳದೆಯೇ, ಎಲ್ಲರೂ ಸುಮ್ಮನಾದರು. ಕತ್ತಲೆಯ ಜಾಗದಲ್ಲಿ ಬರಿಗಣ್ಣಿಗೆ ಒಂದೇ ವೇಳೆ ಎರಡು ಮೂರು ಸಾವಿರ ನಕ್ಷತ್ರಗಳು ಕಾಣುತ್ತವೆ. ನಮ್ಮ ಶಾಲೆಯ ತಾರಸಿಯ ಮೇಲಿಂದ ಎಣಿಸಿದರೆ ಬೆರಳುಗಳೇ ಸಾಕಾಗುತ್ತವೆ.

ಅಲ್ಲಿ ನಮಗೆ ಆರಿದ್ರೆ ಸಿಕ್ಕಿತು. ಮಹಾವ್ಯಾಧನ ಹೆಗಲಿನಲ್ಲಿ ಕೆಂಪಾಗಿ ಹೊಳೆಯುವ ತಾರೆಯೇ ಅದು. ಮರಾಠಿಯವರು ಆ ತಾರಾಪುಂಜವನ್ನೆಲ್ಲ ‘ಮೃಗ’ ಎನ್ನುತ್ತಾರೆ. ಹುಡುಗಿಯೊಬ್ಬಳು ಕೇಳಿದಳು: “ಆರಿದ್ರೆ ಮಳೆಯ ನಕ್ಷತ್ರವಲ್ಲವೆ, ಚಳಿಗಾಲದಲ್ಲೇಕೆ ಕಾಣುತ್ತದೆ?” ಪ್ರಶ್ನೆ ಯುಕ್ತವಾದುದು. ಜೂನ್ 22ರ ಸುಮಾರಿಗೆ ಸೂರ್ಯನು ಆರಿದ್ರಾ ನಕ್ಷತ್ರವನ್ನು ಪ್ರವೇಶಿಸುತ್ತಾನೆ. ಆ ದಿನಗಳ ಮಳೆಗೆ ಆದುದರಿಂದಲೇ ಆ ಹೆಸರು. ಆಗ ಆ ತಾರೆ ಸೂರ್ಯನ ಸಂಗಡವೇ ಹುಟ್ಟಿ ಸೂರ್ಯನ ಸಂಗಡವೇ ಮುಳುಗುತ್ತದೆ. ಹಗಲಿನ ಬೆಳಕಿನಲ್ಲಿ ಅದು ಕಾಣುವುದು ಹೇಗೆ? ಆರು ತಿಂಗಳು ಕಳೆದು ಸೂರ್ಯನು ಆಚೆಯ ದಿಕ್ಕಿಗೆ ಸರಿದಾಗ ಆರಿದ್ರೆ ರಾತ್ರಿಯೆಲ್ಲ ಕಾಣುತ್ತದೆ. ಅಜ್ಜಿಯ ಲೆಕ್ಕವೂ ಸರಿ, ಆಕಾಶದ ಲೆಕ್ಕವೂ ಸರಿ. ಇದನ್ನು ವಿವರಿಸಿದವರು ಗಿರಣಿಯಲ್ಲಿ ಫಿಟ್ಟರರಾಗಿದ್ದು ನಿವೃತ್ತರಾದ ಒಬ್ಬ ಹಿರಿಯರು; ಎಲ್ಲರಿಗೂ ‘ಕಾಕಾ’.

ಕಾಕಾ ಅವರ ದೂರದರ್ಶಕವನ್ನು ಅಂಗಡಿಯಿಂದ ಕೊಂಡದ್ದಲ್ಲ. ಅದರ ಕನ್ನಡಿಯನ್ನು ಅವರೇ ಉಜ್ಜಿದ್ದರು. ಆರು ಇಂಚು ಅಗಲದ ಎರಡು ದಪ್ಪ ಗಾಜಿನ ಬಿಲ್ಲೆಗಳು; ಒಂದನ್ನು ಪೀಪಾಯಿಯ ಮೇಲೆ ಬಿಗಿದು, ನಡುವೆ ಕಾರ್ಬೊರಂಡಂ ಪುಡಿಯನ್ನೂ ನೀರನ್ನೂ ಹಾಕಿ, ಇನ್ನೊಂದನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜುತ್ತ, ಪೀಪಾಯಿಯ ಸುತ್ತ ನಡೆಯುತ್ತಿರಬೇಕು. ಮೇಲಿನ ಗಾಜು ತಾನಾಗಿಯೇ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಬರಬರುತ್ತ ನುಣುಪಾದ ಪುಡಿ, ಕೊನೆಗೆ ಮೆರುಗು. ಕನ್ನಡಿಯ ಮೈಯಲ್ಲಿ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ತಪ್ಪು ಉಳಿದರೂ ಚಿತ್ರ ಮಸುಕಾಗುತ್ತದೆ. ಅದನ್ನು ಅಳೆಯುವ ಸಾಧನವಾದರೋ ಒಂದು ಸಣ್ಣ ದೀಪ, ಒಂದು ಬ್ಲೇಡಿನ ಅಂಚು, ಮತ್ತು ತಾಳ್ಮೆ! ಈ ಉಪಾಯವನ್ನು ಕಂಡುಹಿಡಿದವನು ಫ್ರಾನ್ಸಿನ ಫೂಕೋ ಎಂಬ ವಿಜ್ಞಾನಿ. ಹೀಗೆ ಸಿದ್ಧವಾದ ಆರು ಇಂಚಿನ ಕನ್ನಡಿ ನಮ್ಮ ಕಣ್ಣಿನ ಪಾಪೆಗಿಂತ ನಾನೂರು ಪಟ್ಟಿಗೂ ಹೆಚ್ಚು ಬೆಳಕನ್ನು ಕೂಡಿಸಿ ಕೊಡುತ್ತದೆ. ಗಿರಣಿಯಲ್ಲಿ ಕಲಿತ ಕೈ ಆಕಾಶಕ್ಕೂ ಬಂತೆಂದು ಅವರು ಹೇಳಿದರು. ಅದರಲ್ಲಿ ಹೆಮ್ಮೆಯಿತ್ತು, ಇರಬೇಕಾದುದೇ.

ಇವರೆಲ್ಲ ಬರಿದೆ ತೋರಿಸಿ ಸುಮ್ಮನಾಗುವವರಲ್ಲ. ಬರೆದಿಡುತ್ತಾರೆ. ಕೆಲವು ನಕ್ಷತ್ರಗಳ ಕಾಂತಿ ದಿನದಿಂದ ದಿನಕ್ಕೆ ಹೆಚ್ಚು ಕಡಿಮೆಯಾಗುತ್ತದೆ. ಇಂಥವು ಅನೇಕ ಸಾವಿರ. ದೊಡ್ಡ ವೀಕ್ಷಣಾಲಯಗಳು ಇವೆಲ್ಲವನ್ನೂ ಸದಾ ಕಾಯುತ್ತ ಕೂರಲಾರವು. ಆ ಕೆಲಸವನ್ನು ಲೋಕದ ಹವ್ಯಾಸಿಗಳು ಹಂಚಿಕೊಂಡಿದ್ದಾರೆ. ಅವಿಭಕ್ತ ಬಂಗಾಳದ ಜೆಸ್ಸೋರಿನಲ್ಲಿ ರಾಧಾಗೋವಿಂದ ಚಂದ್ರ ಎಂಬವರಿದ್ದರು. ಪ್ರವೇಶ ಪರೀಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಅನುತ್ತೀರ್ಣರಾಗಿ, ಸರಕಾರದ ಖಜಾನೆಯಲ್ಲಿ ಸಣ್ಣ ನೌಕರಿಗೆ ಸೇರಿದವರು. ಹಗಲು ನಾಣ್ಯ ಎಣಿಸಿ, ರಾತ್ರಿ ತಾವೇ ದುಡ್ಡು ಕೊಟ್ಟು ತರಿಸಿದ ಮೂರು ಇಂಚಿನ ದೂರದರ್ಶಕದಲ್ಲಿ ತಾರೆಗಳ ಕಾಂತಿಯನ್ನು ಎಣಿಸಿದರು. 1918ರ ಜೂನಿನಲ್ಲಿ ಗರುಡ ಮಂಡಲದಲ್ಲಿ ಹಠಾತ್ತಾಗಿ ಬೆಳಗಿದ ಹೊಸ ತಾರೆಯನ್ನು ಮೊಟ್ಟಮೊದಲು ಕಂಡ ಕೆಲವರಲ್ಲಿ ಇವರೂ ಒಬ್ಬರು. ಅಮೆರಿಕದ ಚರತಾರಾ ವೀಕ್ಷಕರ ಸಂಘಕ್ಕೆ ಇವರು ಒಪ್ಪಿಸಿದ ಎಣಿಕೆಗಳು 37 ಸಾವಿರಕ್ಕೂ ಮಿಕ್ಕಿವೆ. ಆ ಸಂಘವು 1926ರಲ್ಲಿ ಇವರಿಗಾಗಿ ಆರು ಇಂಚಿನ ದೂರದರ್ಶಕವೊಂದನ್ನು ಕಳುಹಿಸಿಕೊಟ್ಟಿತು. ಮುಂದೆ ಅದು ನಮ್ಮ ದೇಶದ ಖ್ಯಾತ ಖಗೋಲಜ್ಞ ವೈನು ಬಾಪು ಅವರ ಕೈ ಸೇರಿತು. ಪರೀಕ್ಷೆಯಲ್ಲಿ ತಪ್ಪಿದವರು ಈ ಪುಟವನ್ನು ಓದುತ್ತಿದ್ದರೆ ಎರಡು ಸಲ ಓದಬಹುದು. ಆದರೆ ಮುಖ್ಯೋಪಾಧ್ಯಾಯರಿಗೆ ತೋರಿಸಬೇಕಾಗಿಲ್ಲ.

ಈ ಕೆಲಸವನ್ನು ನೀವು ಚಾಳಿನ ತಾರಸಿಯಿಂದಲೇ ಮಾಡಬಹುದು. ತಾರೆಗಳ ಕಾಂತಿಗೆ ಅಂಕೆಗಳುಂಟು. ಅಂಕೆ ಸಣ್ಣದಾದಷ್ಟೂ ಕಾಂತಿ ಹೆಚ್ಚು. ಐದು ಅಂಕೆಗಳ ಅಂತರವೆಂದರೆ ಕಾಂತಿಯಲ್ಲಿ ಸರಿಯಾಗಿ ನೂರು ಪಟ್ಟು. ಈ ಲೆಕ್ಕವನ್ನು 1856ರಲ್ಲಿ ಕಟ್ಟಿಕೊಟ್ಟ ಪಾಗ್ಸನ್ ಎಂಬಾತನು 1861ರಿಂದ ಸಾಯುವ ತನಕ ಮದರಾಸಿನ ವೀಕ್ಷಣಾಲಯದಲ್ಲಿದ್ದನು. ಈಗ ಆರಿದ್ರೆಯನ್ನು ನೋಡಿ. ರೋಹಿಣಿಯ ಅಂಕೆ ಸುಮಾರು 0.9; ಪ್ರೋಸಿಯಾನ್ ಎಂಬ ತಾರೆಯದು 0.4. ಆರಿದ್ರೆ ರೋಹಿಣಿಗಿಂತ ಪ್ರಕಾಶವಾಗಿಯೂ ಪ್ರೋಸಿಯಾನಿಗಿಂತ ಮಂಕಾಗಿಯೂ, ಎರಡರ ನಟ್ಟನಡುವೆ ಇರುವಂತೆ ತೋರಿದರೆ, 0.6 ಎಂದೋ 0.7 ಎಂದೋ ಬರೆಯಿರಿ. 2020ರ ಫೆಬ್ರವರಿಯಲ್ಲಿ ಈ ತಾರೆ ಸುಮಾರು 1.6ಕ್ಕೆ ಇಳಿದು, ಮಹಾವ್ಯಾಧನ ಇನ್ನೊಂದು ಹೆಗಲಿನ ತಾರೆಗೆ ಸಮನಾಗಿಬಿಟ್ಟಿತ್ತು. ಲೋಕದ ವಿಜ್ಞಾನಿಗಳೆಲ್ಲ ಬೆರಗಾದ ಆ ಬದಲಾವಣೆಯನ್ನು ನಮ್ಮ ಮಕ್ಕಳು ತಲೆಯೆತ್ತಿದ್ದರೆ ಬೀದಿದೀಪದ ಕೆಳಗಿನಿಂದಲೂ ಕಾಣಬಹುದಾಗಿತ್ತು.

ಇನ್ನೊಂದು ಪ್ರಯೋಗ ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗುವವರಿಗೆ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು 10 ಡಿಗ್ರಿ. ಧ್ರುವನಕ್ಷತ್ರವು ಮುಂಬಯಿಯಲ್ಲಿ ದಿಗಂತದಿಂದ ಹೆಚ್ಚುಕಡಿಮೆ 19 ಡಿಗ್ರಿ ಎತ್ತರ, ಎಂದರೆ ಎರಡು ಮುಷ್ಟಿಗೆ ಸ್ವಲ್ಪ ಕಡಿಮೆ. ಉಡುಪಿಯಲ್ಲಿ 13 ಡಿಗ್ರಿ. ರೈಲಿನಲ್ಲಿ ನೀವು ಒಂದು ರಾತ್ರಿ ನಿದ್ದೆ ಮಾಡಿ ಏಳುವಷ್ಟರಲ್ಲಿ ಧ್ರುವನು ಅರ್ಧ ಮುಷ್ಟಿಗಿಂತ ಹೆಚ್ಚು ಇಳಿದಿರುತ್ತಾನೆ. ಧ್ರುವನ ಎತ್ತರವೇ ಆ ಊರಿನ ಅಕ್ಷಾಂಶ. ಭೂಗೋಲದ ಪುಸ್ತಕದಲ್ಲಿ ಇದನ್ನು ಓದಿದ್ದೀರಿ. ಮುಷ್ಟಿಯಿಂದ ಅಳೆದವರು ಯಾರೂ ನಮಗೆ ಇನ್ನೂ ಸಿಕ್ಕಿಲ್ಲ.

ಅಂದಿನ ರಾತ್ರಿಯ ಮುಖ್ಯ ಅತಿಥಿ ಒಂದು ಧೂಮಕೇತು. 2022ರ ಮಾರ್ಚಿನಲ್ಲಿ ಕಂಡುಬಂದ ಅದು, ಹಿಂದಿನ ಸಲ ಸೂರ್ಯನ ಬಳಿ ಬಂದು ಸುಮಾರು 50 ಸಾವಿರ ವರ್ಷಗಳಾಗಿದ್ದುವು ಎಂಬುದು ಲೆಕ್ಕ. ನಾಲ್ಕೂವರೆ ಗಂಟೆಗೆ ಮಕ್ಕಳನ್ನು ಎಬ್ಬಿಸಿದರು. ಕಾಕಾ ಅಷ್ಟು ಹೊತ್ತೂ ಮಲಗಿರಲಿಲ್ಲ. ಈಶಾನ್ಯದ ಕಡೆ ದೂರದರ್ಶಕವನ್ನು ತಿರುಗಿಸಿಕೊಂಡು ಕಾಯುತ್ತಿದ್ದರು. ಹಸಿರು ಧೂಮಕೇತುವೆಂದು ಪತ್ರಿಕೆಗಳಲ್ಲಿ ಬಂದಿತ್ತು. ಕಂಡದ್ದು ಬೂದುಬಣ್ಣದ, ಹಿಂಜಿದ ಹತ್ತಿಯಂಥ ಒಂದು ಮಚ್ಚೆ. “ಇಷ್ಟೇನಾ, ಸರ್?” ಎಂದು ಒಬ್ಬ ಹುಡುಗ ನಮ್ಮನ್ನು ಕೇಳಿದ. ನಮಗೆ ಉತ್ತರ ತೋಚಲಿಲ್ಲ. ಕಾಕಾ ಅವನನ್ನು ಮತ್ತೆ ಕರೆದು, ನೇರವಾಗಿ ನೋಡಬೇಡ, ಸ್ವಲ್ಪ ಪಕ್ಕಕ್ಕೆ ನೋಡು ಎಂದರು. ಮಂದ ಬೆಳಕನ್ನು ಹಿಡಿಯುವ ಶಕ್ತಿ ಕಣ್ಣಿನ ನಡುವಿಗಿಂತ ಅಂಚಿಗೆ ಹೆಚ್ಚು. ಹುಡುಗ ಬಹಳ ಹೊತ್ತು ಬಗ್ಗಿಕೊಂಡಿದ್ದ. ಏನೂ ಹೇಳಲಿಲ್ಲ. ಸಾಲಿನ ಕೊನೆಗೆ ಹೋಗಿ ಮತ್ತೊಮ್ಮೆ ನಿಂತ.

ಬೆಳಗ್ಗೆ ಎಲ್ಲರಿಗೂ ಅವಲಕ್ಕಿ, ಚಹ. ಪೂರ್ವಕ್ಕೂ ಪಶ್ಚಿಮಕ್ಕೂ ಹೊಸ ಕಟ್ಟಡಗಳು ಏಳುತ್ತಿದ್ದುದನ್ನು ಆಗ ಕಂಡೆವು. ತಾವು ಮೊದಲು ಬರುತ್ತಿದ್ದಾಗ ಇಲ್ಲಿ ಕಾಣುತ್ತಿದ್ದ ಸಣ್ಣ ತಾರೆಗಳು ಈಗ ದಿಗಂತದ ಬಳಿ ಕಾಣುವುದಿಲ್ಲವೆಂದೂ, ಇನ್ನೂ ಒಳಕ್ಕೆ ಜಾಗ ಹುಡುಕುತ್ತಿದ್ದೇವೆಂದೂ ತಾಈ ಹೇಳಿದರು. ರೈಲಿನಿಂದ ದೂರವಾದಷ್ಟೂ ಖರ್ಚು ಹೆಚ್ಚು. ಖರ್ಚು ಹೆಚ್ಚಾದರೆ ನಮ್ಮಂಥ ಶಾಲೆಗಳ ಮಕ್ಕಳು ಬರಲಾರರು. ಈ ಲೆಕ್ಕ ಅವರಿಗೂ ಬಗೆಹರಿದಿರಲಿಲ್ಲ.

ಎರಡನೆಯ ಸಲ ಸಾಲಿನಲ್ಲಿ ನಿಂತ ಆ ಹುಡುಗ ಅದೇ ವರ್ಷದ ಡಿಸೆಂಬರ್ 13ರ ರಾತ್ರಿ ತನ್ನ ತಂದೆಯ ಸಂಗಡ ಮತ್ತೆ ಅಲ್ಲಿಗೆ ಹೋದನು. ಮಿಥುನ ರಾಶಿಯ ಕಡೆಯಿಂದ ವರ್ಷವರ್ಷವೂ ಬರುವ ಉಲ್ಕೆಗಳನ್ನು ಎಣಿಸುವ ರಾತ್ರಿ ಅದು. ವೀಕ್ಷಕರು ನೆಲದ ಮೇಲೆ ಅಂಗಾತ ಮಲಗಿ ಆಕಾಶವನ್ನು ಭಾಗ ಹಂಚಿಕೊಳ್ಳುತ್ತಾರೆ. ಉಲ್ಕೆ ಕಂಡವರು ಕೂಗಿ ಹೇಳಬೇಕು. ಒಬ್ಬನು ಕೆಂಪು ದೀಪದ ಮುಂದೆ ತಲೆ ತಗ್ಗಿಸಿ ಕುಳಿತು ವೇಳೆಯನ್ನೂ ಕಾಂತಿಯನ್ನೂ ಬರೆಯಬೇಕು. ಬರೆಯುವವನಿಗೆ ಉಲ್ಕೆ ಕಾಣುವುದಿಲ್ಲ. ಹೊಸಬನೆಂದು ಆ ಕೆಲಸವನ್ನು ಇವನಿಗೇ ಕೊಟ್ಟಿದ್ದರಂತೆ. ಎಷ್ಟು ಉಲ್ಕೆ ನೋಡಿದೆಯೆಂದು ಕೇಳಿದೆವು. “ಮೂರು, ಸರ್. ಬರೆದದ್ದು ಏಳು ಪುಟ” ಎಂದನು.

ಈಗ ಅವನು ನಮ್ಮ ಶಾಲೆಯಲ್ಲಿಲ್ಲ. ಕಳೆದ ಸಲ ನಾವು ಬೇರೆ ಮಕ್ಕಳನ್ನು ಕರೆದುಕೊಂಡು ದಾದರಿಗೆ ಹೋದಾಗ ಪ್ಲಾಟ್‌ಫಾರ್ಮಿನಲ್ಲಿ ತಲೆ ಎಣಿಸುತ್ತಿದ್ದವನು ಅವನೇ. ಒಂದು ಸಲ ಎಣಿಸಿ, ನಮ್ಮನ್ನು ನೋಡಿ ನಕ್ಕು, ನಮ್ಮನ್ನೂ ಸೇರಿಸಿ ಮತ್ತೊಮ್ಮೆ ಎಣಿಸಿದನು.