ಕಲ್ಲಿನ ಪಾಠ, ತಗಡಿನ ಚಿತ್ರ

ಹಳೆಯ ಕಲೆಯಿಂದ ಕಲಿಯುವುದೆಂದರೆ ಅದನ್ನು ನಕಲು ಮಾಡುವುದೇ? ಅಲ್ಲವೆಂಬುದಕ್ಕೆ ನಮ್ಮ ಚೆನ್ನೈಗೂ ನಂಟಿರುವ ಒಂದು ನಿದರ್ಶನವನ್ನು ನೋಡೋಣ.

ಮೆಕ್ಸಿಕೋ ದೇಶದ ಚಿಚೆನ್ ಇಟ್ಸಾ ಎಂಬಲ್ಲಿ ದೊರೆತ ಪ್ರಾಚೀನ ಶಿಲಾವಿಗ್ರಹಕ್ಕೆ ಚಾಕ್‌ಮೂಲ್ ಎಂದು ಹೆಸರು. ಮೊಣಕಾಲು ಮಡಿಸಿ, ಅರ್ಧ ಒರಗಿ, ಮುಖವನ್ನು ಪಕ್ಕಕ್ಕೆ ತಿರುಗಿಸಿದ ಭಂಗಿ. ಆಕಾರ ಮನುಷ್ಯನದಾದರೂ ಕಲ್ಲಿನ ಭಾರ ಮರೆಯಾಗಿಲ್ಲ. ಇದರ ಅಚ್ಚಿನ ಪ್ರತಿಯನ್ನು ಪ್ಯಾರಿಸ್ಸಿನಲ್ಲಿ ಕಂಡಿದ್ದ ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ ಅವರು 1929ರಲ್ಲಿ ತಮ್ಮ ಒರಗಿದ ಸ್ತ್ರೀವಿಗ್ರಹವನ್ನು ಕಡೆದರು. ಕಲ್ಲು ಕಲ್ಲಾಗಿಯೇ ತೋರಬೇಕೆಂಬುದು ಅವರು ಕಲಿತ ಪಾಠ.

1947ರಿಂದ 1949ರವರೆಗೆ ಇಲ್ಲಿನ ಕಲಾಕ್ಷೇತ್ರದ ಚಿತ್ರಕಲಾ ವಿಭಾಗವನ್ನು ನಡೆಸಿದ ಕೃಷ್ಣಾ ರೆಡ್ಡಿಯವರು ಬಳಿಕ ಲಂಡನ್ನಿನಲ್ಲಿ ಹೆನ್ರಿ ಮೂರ್ ಅವರ ಶಿಷ್ಯರಾದರು. ಅನಂತರ ಪ್ಯಾರಿಸ್ಸಿನಲ್ಲಿ ಹೇಟರ್ ಎಂಬವರ ಮುದ್ರಣಶಾಲೆಯನ್ನು ಸೇರಿದರು. ಲೋಹದ ತಗಡನ್ನು ಅವರು ಶಿಲೆಯಂತೆಯೇ ಏರುತಗ್ಗುಗಳಾಗಿ ಕಡೆದರು.

ಬಟ್ಟೆಗೆ ಅಚ್ಚೊತ್ತಲು ಬಣ್ಣಕ್ಕೊಂದು ಅಚ್ಚು ಬೇಕೆಂಬುದು ಗಿರಣಿಯವರಾದ ನಮಗೆ ಗೊತ್ತು. ರೆಡ್ಡಿಯವರೂ ಸಂಗಡಿಗರೂ ಕಂಡುಕೊಂಡ ಕ್ರಮ ಬೇರೆ. ಗಡುಸು ರೋಲರು ಉಬ್ಬಿನ ಮೇಲಷ್ಟೇ ಎಣ್ಣೆ ಹೆಚ್ಚಿದ ತೆಳು ಶಾಯಿ ಹಚ್ಚುತ್ತದೆ. ಮೆದು ರೋಲರು ಗಟ್ಟಿ ಶಾಯಿಯನ್ನು ತಗ್ಗಿಗೂ ಮುಟ್ಟಿಸುತ್ತದೆ. ಮೊದಲ ತೆಳು ಶಾಯಿ ಗಟ್ಟಿಯದನ್ನು ತನ್ನ ಮೇಲೆ ಅಂಟಗೊಡದು. ಹೀಗೆ ಒಂದೇ ತಗಡು, ಒಂದೇ ಒತ್ತು, ಹಲವು ಬಣ್ಣ! 1963ರ ‘ಸುಳಿ’ ಎಂಬ ಅವರ ಹೆಸರಾಂತ ಚಿತ್ರ ಈ ಬಗೆಯದು.

ಅದರಲ್ಲಿ ಮೆಕ್ಸಿಕೋದ ವಿಗ್ರಹವನ್ನು ಹುಡುಕಿದರೆ ಸಿಕ್ಕದು. ಸಿಕ್ಕುವುದು, ಕೈಯಲ್ಲಿರುವ ವಸ್ತುವಿನ ಗುಣವರಿತು ದುಡಿಯುವ ಬುದ್ಧಿ. ಎಗ್ಮೋರಿನ ವಸ್ತುಸಂಗ್ರಹಾಲಯದಲ್ಲಿ ಅಮರಾವತಿಯ ಶಿಲ್ಪಗಳಿವೆ. ಬಿಡುವಾದಾಗ ಅವುಗಳ ಮುಂದೆಯೂ ಈ ಕಣ್ಣಿಟ್ಟು ನಿಲ್ಲೋಣ.